ನೇತ್ರಾವತಿಯನ್ನು ಎಷ್ಟು ಸಲ ಹುಡುಕಬೇಕು?

ಮಂಗಳೂರಿನಿಂದ ಎಲ್ಲ ವೀಕ್ಷಕರಿಗೆ ನಮಸ್ಕಾರ. ವಿಜ್ಞಾನಿಗಳು ಪರಸ್ಪರ ಹಂಚಿಕೊಳ್ಳುವ ದತ್ತಾಂಶ ಭಂಡಾರಗಳಲ್ಲಿ ಪ್ಯಾಟರ್ನ್ ಹುಡುಕಾಟ, ಅಂದರೆ ಒಂದೇ ಬರಹದ ಬದಲು ಹಲವು ಬರಹಗಳಿಗೆ ಹೊಂದುವ ಮಾದರಿಯನ್ನು ಕೊಟ್ಟು ಹುಡುಕುವ ಸೌಲಭ್ಯ, ಇರಲೇಬೇಕು ಎಂದು ಹಿಂದಿನ ಸಂಚಿಕೆಯಲ್ಲಿ ನಾನು ಹೇಳಿದ್ದಕ್ಕೆ ವೀಕ್ಷಕರೊಬ್ಬರು ಬರೆದಿದ್ದಾರೆ: "ತನಗೆ ಬೇಕಾದುದರ ಹೆಸರನ್ನೇ ಸರಿಯಾಗಿ ಬರೆಯಲಾರದವನಿಗೆ ಸಂಶೋಧನೆ ಏಕೆ?" ಈ ಮಹನೀಯರ ಕಾಗುಣಿತ ಬಹಳ ಶುದ್ಧವಾಗಿದೆ, ಅದನ್ನು ಒಪ್ಪುತ್ತೇನೆ. ಆದರೆ ಒಂದು ಹೆಸರಿಗೆ ಒಂದೇ ಸರಿಯಾದ ಬರಹವಿರುತ್ತದೆ ಎಂಬ ಅವರ ನಂಬಿಕೆ ನಮ್ಮ ಜಿಲ್ಲೆಯ ಗಡಿಯನ್ನೂ ದಾಟಲಾರದು.

ನೇತ್ರಾವತಿಯನ್ನೇ ನೋಡಿ. ನದಿಯ ಹರಿವಿನ ದಾಖಲೆಯಾಗಲಿ, ಮಳೆಯ ಲೆಕ್ಕವಾಗಲಿ, ಭಂಡಾರದಲ್ಲಿ ಅದರ ಹೆಸರು ಇಂಗ್ಲಿಷ್ ಲಿಪಿಯಲ್ಲಿರುತ್ತದೆ. ಮೊದಲ 'ಟಿ' ಅಕ್ಷರದ ನಂತರ ಕೆಲವರು 'ಎಚ್' ಸೇರಿಸುತ್ತಾರೆ, ಕೆಲವರು ಸೇರಿಸುವುದಿಲ್ಲ. ಕೊನೆಯ 'ಟಿ'ಯ ಕಥೆಯೂ ಅದೇ. ಅಲ್ಲಿಗೆ ನಾಲ್ಕು ಬರಹಗಳಾದವು, ಯಾವುದನ್ನೂ ತಪ್ಪು ಎನ್ನುವಂತಿಲ್ಲ. ಎರಡೂ ಕಡೆ 'ಎಚ್' ಬರೆದು ಅದರ ಬೆನ್ನಿಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ, ಆ ಅಕ್ಷರ ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು ಎಂದು ಯಂತ್ರಕ್ಕೆ ತಿಳಿಯುತ್ತದೆ ಮತ್ತು ನಾಲ್ಕೂ ಒಮ್ಮೆಗೇ ಸಿಗುತ್ತವೆ. ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂದು ಕರೆಯುವ ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. ಗಣಿತಜ್ಞ ಸ್ಟೀಫನ್ ಕ್ಲೀನಿ 1950ರ ದಶಕದಲ್ಲಿ ಅದರ ತಳಹದಿ ಹಾಕಿದರು. 1968ರಲ್ಲಿ ಕಂಪ್ಯೂಟರ್ ವಿಜ್ಞಾನಿ ಕೆನ್ ಥಾಂಪ್ಸನ್ ಅದನ್ನು ಪಠ್ಯದ ಹುಡುಕಾಟಕ್ಕೆ ಅಳವಡಿಸುವ ಕ್ರಮವನ್ನು ಪ್ರಕಟಿಸಿದರು. 1970ರ ದಶಕದಲ್ಲೇ ಅದು 'ಗ್ರೆಪ್' ಎಂಬ ಆದೇಶವಾಗಿ ಯುನಿಕ್ಸ್ ಎಂಬ ಕಂಪ್ಯೂಟರ್ ಕಾರ್ಯಾಚರಣಾ ವ್ಯವಸ್ಥೆಯನ್ನು ಬಳಸುವವರ ಕೈಗೆ ಬಂತು. ಇಷ್ಟು ಹಳೆಯ ಸಲಕರಣೆಯನ್ನು ಇಂದಿಗೂ ಕೊಡದ ಭಂಡಾರಗಳಿವೆ. ಹುಡುಕಿದಾಗ ಸಿಗದ ದತ್ತಾಂಶವೂ ಒಂದೇ, ಇಲ್ಲದ ದತ್ತಾಂಶವೂ ಒಂದೇ.

"ದಾಖಲೆಗಳ ಹೆಸರುಗಳನ್ನೇ ಏಕರೂಪಗೊಳಿಸಿ, ಹುಡುಕಾಟವನ್ನೇಕೆ ಬದಲಾಯಿಸುತ್ತೀರಿ" ಎನ್ನುವವರಿದ್ದಾರೆ. ಬಹಳ ಒಳ್ಳೆಯ ಸಲಹೆ, ಯಾರು ಮಾಡುತ್ತಾರೆ? ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಮಲ್ಪೆಯ ಮಾಹಿತಿ ದಕ್ಷಿಣ ಕನ್ನಡದ ಹೆಸರಿನಲ್ಲಿರುತ್ತದೆ, ಇನ್ನೂ ಹಿಂದಕ್ಕೆ ಹೋದರೆ ಸೌತ್ ಕೆನರಾ ಎಂದಿರುತ್ತದೆ, ಆ ಕೆನರಾ ಕೂಡ ಒಂದು ಕಡೆ 'ಸಿ' ಅಕ್ಷರದಿಂದಲೂ ಇನ್ನೊಂದು ಕಡೆ 'ಕೆ' ಅಕ್ಷರದಿಂದಲೂ ಆರಂಭವಾಗುತ್ತದೆ. ಇಂಗ್ಲಿಷಿನ ಮ್ಯಾಂಗಲೋರ್ ಅಧಿಕೃತವಾಗಿ ಮಂಗಳೂರಾದದ್ದು 2014ರ ನವೆಂಬರ್ 1ರಂದು. ಆ ದಿನ ಹಳೆಯ ಕಡತಗಳೆಲ್ಲ ತಾವಾಗಿಯೇ ಎದ್ದು ಹೆಸರು ತಿದ್ದಿಕೊಳ್ಳಲಿಲ್ಲ. ಚೌಕ ಆವರಣದೊಳಗೆ 'ಸಿ' ಮತ್ತು 'ಕೆ' ಎರಡನ್ನೂ ಇಟ್ಟರೆ ಕೆನರಾ ಎರಡು ರೂಪದಲ್ಲೂ ಸಿಗುತ್ತದೆ. ನಡುವೆ ಒಂದು ನೆಟ್ಟಗೆರೆ ಎಳೆದು 'ಇದು ಅಥವಾ ಅದು' ಎಂದರೆ ನಗರದ ಎರಡು ಹೆಸರುಗಳೂ ಸಿಗುತ್ತವೆ. ಇಂಗ್ಲಿಷಿನಲ್ಲಿ 'ಮಂಗಲ್' ಎಂದಷ್ಟೇ ಬರೆದು ಮುಂದೆ ಏನಿದ್ದರೂ ಬರಲಿ ಎಂದರೆ ಆಂಧ್ರದ ಮಂಗಳಗಿರಿಯೂ ಅಸ್ಸಾಮಿನ ಮಂಗಲದೋಯಿಯೂ ಹಿಂಬಾಲಿಸಿ ಬಂದಾವು, ನಿಜ. ಅಂಥಲ್ಲಿ ಪ್ಯಾಟರ್ನನ್ನು ಬಿಗಿಗೊಳಿಸಲು ಕಲಿಯಬೇಕು. ಕಲಿಯಲು ಮನಸ್ಸಿರುವವರಿಗೆ ಭಾನುವಾರಗಳಂದು ಕದ್ರಿಯಲ್ಲಿ ನಾನು ನಡೆಸುವ ತರಗತಿಯಿದೆ. ಶುಲ್ಕ ಅಲ್ಪ, ಚಹಾ ಉಚಿತ.

ನಮ್ಮ ಮೀನುಗಾರಿಕಾ ಬಂದರಾದ ಧಕ್ಕೆಯಲ್ಲಿ ಮೀನು ಮಾರುವ ಅಕ್ಕನ ಬಳಿ ತುಳುವರು ಬೂತಾಯಿ ಕೇಳಲಿ, ಕೊಂಕಣಿಗರು ತಾರ್ಲೆ ಎನ್ನಲಿ, ಮಲಯಾಳಿಗಳು ಮತ್ತಿ ಎನ್ನಲಿ, ಅವರು ಅದೇ ಬುಟ್ಟಿಗೆ ಕೈ ಹಾಕುತ್ತಾರೆ. ಕೋಟ್ಯಂತರ ರೂಪಾಯಿಯ ಸರ್ವರ್ ಮಾತ್ರ ಸಾರ್ಡಿನೆಲ್ಲಾ ಲಾಂಗಿಸೆಪ್ಸ್ ಎಂಬ ಪೂರ್ಣ ವೈಜ್ಞಾನಿಕ ನಾಮಧೇಯವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದರಷ್ಟೇ ಬಾಗಿಲು ತೆರೆಯುತ್ತದೆ. ದಾಖಲೆ ಬರೆದವರು ಮೊದಲ ಪದವನ್ನು ಒಂದೇ ಅಕ್ಷರಕ್ಕೆ ಇಳಿಸಿ ಚುಕ್ಕಿ ಇಟ್ಟಿದ್ದರೆ ಮೀನೇ ಇಲ್ಲ ಎಂದು ಸಾರುತ್ತದೆ. ಸಮುದ್ರದಲ್ಲಿ ಬೂತಾಯಿ ಕಡಿಮೆಯಾಯಿತೇ ಎಂದು ಲೆಕ್ಕ ಹಾಕುವ ವಿದ್ಯಾರ್ಥಿಗೆ, ಕಡಿಮೆಯಾದದ್ದು ಮೀನೋ ಹುಡುಕಾಟದ ಫಲಿತಾಂಶವೋ ಎಂದು ತಿಳಿಯುವುದಾದರೂ ಹೇಗೆ? ಸಿಗದ ದತ್ತಾಂಶ ಇಲ್ಲದ ದತ್ತಾಂಶಕ್ಕಿಂತ ಕೆಟ್ಟದ್ದು ಎಂದು ಈಗ ನಾನು ನನ್ನ ಮಾತನ್ನೇ ತಿದ್ದಿ ಹೇಳುತ್ತೇನೆ, ಏಕೆಂದರೆ ಅದು ಸುಳ್ಳು ಹೇಳುತ್ತದೆ.

ಇದು ಅಸಾಧ್ಯವೂ ಅಲ್ಲ. ಜೀವವಿಜ್ಞಾನಿಗಳ ಬಯೋಕಂಡಕ್ಟರ್ ಎಂಬ ತಂತ್ರಾಂಶ ಯೋಜನೆಯಲ್ಲಿ ಅನೊಟೇಶನ್‌ಹಬ್ ಎಂಬ ಹಂಚಿಕೆಯ ಭಂಡಾರವಿದೆ. ಅಲ್ಲಿಯ 'ಕ್ವೆರಿ' ಆದೇಶಕ್ಕೆ ಹಲವು ಪ್ಯಾಟರ್ನ್‌ಗಳನ್ನು ಒಟ್ಟಿಗೆ ಕೊಡಬಹುದು. ಅದು ದೊಡ್ಡಕ್ಷರ, ಸಣ್ಣಕ್ಷರಗಳ ಭೇದವೆಣಿಸದೆ ವಿವರಣೆಯ ಎಲ್ಲ ಕಾಲಂಗಳಲ್ಲೂ ಹುಡುಕುತ್ತದೆ. ಮಾನವ ಜೀನೋಮಿನ ಒಂದೇ ಆವೃತ್ತಿಯನ್ನು ಒಬ್ಬರು ಎಚ್‌ಜಿ38 ಎಂದೂ ಇನ್ನೊಬ್ಬರು ಜಿಆರ್‌ಸಿಎಚ್38 ಎಂದೂ ಬರೆಯುವ ಕ್ಷೇತ್ರದಲ್ಲಿ ಇದಿಲ್ಲದೆ ನಡೆಯುವುದಿಲ್ಲ.

"ಸರ್ವರ್ ಕುಸಿದುಬಿಡುತ್ತದೆ" ಎಂಬುದು ಮುಂದಿನ ಆಕ್ಷೇಪ. 2019ರ ಜುಲೈ 2ರಂದು ಕೆಟ್ಟದಾಗಿ ಬರೆದ ಒಂದೇ ಒಂದು ರೆಗ್ಯುಲರ್ ಎಕ್ಸ್‌ಪ್ರೆಷನ್, ಅಸಂಖ್ಯ ಜಾಲತಾಣಗಳು ಅವಲಂಬಿಸಿರುವ ಕ್ಲೌಡ್‌ಫ್ಲೇರ್ ಸೇವೆಯನ್ನು ಜಗತ್ತಿನಾದ್ಯಂತ ಸ್ತಬ್ಧಗೊಳಿಸಿದ್ದು ನನಗೂ ಗೊತ್ತು, ಅದನ್ನು ಹೇಳಿ ಹೆದರಿಸಬೇಡಿ. ಹೊಂದಿಕೆಯಾಗದಾಗಲೆಲ್ಲ ಹಿಂದಕ್ಕೆ ಹೋಗಿ ಮತ್ತೆ ಮತ್ತೆ ಪ್ರಯತ್ನಿಸುವ ವಿಧಾನದಿಂದ ಆದ ತೊಂದರೆ ಅದು. ಥಾಂಪ್ಸನ್ ಅವರ ಕ್ರಮದಲ್ಲಿ ಈ ಕಾಯಿಲೆಯೇ ಇಲ್ಲ. ಗೂಗಲ್ 2010ರಲ್ಲಿ ಮುಕ್ತವಾಗಿ ಹೊರತಂದ ಆರ್‌ಇ2 ಎಂಬ ಪ್ಯಾಟರ್ನ್ ಹುಡುಕಾಟದ ತಂತ್ರಾಂಶ ಇದೇ ದಾರಿ ಹಿಡಿದಿದೆ. ಅದನ್ನು ಬಳಸಿ, ಮೇಲೊಂದು ಕಾಲಮಿತಿ ಹಾಕಿ, ಮುಗಿಯಿತು.

"ಕೃತಕ ಬುದ್ಧಿಮತ್ತೆಯೇ ಹುಡುಕಿಕೊಡುತ್ತದೆ" ಎನ್ನುವವರಿಗೆ ನನ್ನಲ್ಲಿ ಒಂದೇ ಪ್ರಶ್ನೆ: ಪ್ರಬಂಧದ ವಿಧಾನದ ಭಾಗದಲ್ಲಿ ಏನೆಂದು ಬರೆಯುತ್ತೀರಿ? ಪ್ಯಾಟರ್ನ್ ಆದರೆ ಒಂದು ಸಾಲು. ಅದನ್ನು ಹಾಗೆಯೇ ಮುದ್ರಿಸಬಹುದು, ಅದೇ ಭಂಡಾರದ ಮೇಲೆ ಯಾರು ಓಡಿಸಿದರೂ ಅದೇ ಪಟ್ಟಿ ಬರುತ್ತದೆ. "ಯಂತ್ರಕ್ಕೆ ಹಾಗನ್ನಿಸಿತು" ಎಂದು ಬರೆದರೆ ಪರಿಶೀಲಕರು ಒಪ್ಪುತ್ತಾರೆಯೇ?

ಇನ್ನು ಹೊಸಬರಿಗೆ ಗೊಂದಲವಾಗುತ್ತದೆ ಎಂಬ ಕೊರಗು. ಹುಡುಕಾಟದ ಪೆಟ್ಟಿಗೆಯ ಪಕ್ಕದಲ್ಲಿ ಒಂದು ಚಿಕ್ಕ ಚೌಕ ಇರಲಿ. ಬೇಕಾದವರು ಗುರುತು ಹಾಕುತ್ತಾರೆ, ಬೇಡದವರು ಎಂದಿನಂತೆ ಹುಡುಕುತ್ತಾರೆ. ಒಂದು ಚೌಕ, ಸ್ವಾಮಿ! ಅದಕ್ಕೂ ಸಮಿತಿ ಬೇಕೇ? ಸಾರ್ವಜನಿಕರ ಹಣದಲ್ಲಿ ಮಳೆ ಅಳೆದು, ಮೀನು ತೂಗಿ, ನೀರು ಪರೀಕ್ಷಿಸಿ, ಕೊನೆಗೆ ಒಂದು 'ಎಚ್' ಅಕ್ಷರದ ಹಿಂದೆ ಎಲ್ಲವನ್ನೂ ಬಚ್ಚಿಡುವುದಕ್ಕೆ ನನ್ನ ಬಳಿ ಸಭ್ಯ ಪದವಿಲ್ಲ. ಇದ್ದರೂ ಈ ವಾಹಿನಿಯಲ್ಲಿ ಹೇಳುವುದಿಲ್ಲ, ಮಕ್ಕಳೂ ನೋಡುತ್ತಾರೆ. ಅವರ ಹೆತ್ತವರು ಇನ್ನೂ ಚಂದಾದಾರರಾಗಿಲ್ಲದಿದ್ದರೆ ದಯವಿಟ್ಟು ಆಗಬೇಕು.

ಇಷ್ಟಾದ ಮೇಲೂ ಒಪ್ಪದವರು ಗುರುಪುರ ನದಿಯ ಇನ್ನೊಂದು ಹೆಸರಾದ ಫಲ್ಗುಣಿಯನ್ನು ಇಂಗ್ಲಿಷಿನಲ್ಲಿ, ಬೇರೆಯವರ ಉತ್ತರ ನೋಡದೆ, ಕೆಳಗೆ ಬರೆಯಿರಿ. ಆ ಕಾಗುಣಿತಶುದ್ಧ ಮಹನೀಯರೇ ಮೊದಲು ಬರೆಯಲಿ.