ಅರಬಿ ಕಲಿಸಲು ಒಬ್ಬ ಅತ್ತೆ ಬೇಕು

ಅರಬಿ ಕಲಿಸುವ ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚಿನ ಕೊನೆಯ ಉಪನ್ಯಾಸ ನನ್ನದು. ಹಸಿದವರ ಮುಂದೆ ಮದುವೆ ಮನೆ ವಿಷಯ ತೆಗೆಯುತ್ತಿದ್ದೇನೆ, ಕ್ಷಮಿಸಿ.

ಬೆಳಗಿನ ಗೋಷ್ಠಿಯಲ್ಲಿ ಹಿರಿಯರೊಬ್ಬರು ಒಂದು ಮಾತು ಹೇಳಿದರು. ತರಗತಿಯಲ್ಲಿ ಕಾಮಿಡಿ ತೋರಿಸುವುದು ಪಾಠ ತಯಾರಿ ಮಾಡದ ಮೇಷ್ಟ್ರ ಕೆಲಸ ಅಂತ. ನೀವೆಲ್ಲ ನಕ್ಕಿರಿ, ನಾನೂ ನಕ್ಕೆ. ಆದರೆ ಬರೆದುಕೊಂಡು ಬಂದದ್ದನ್ನು ಪಕ್ಕಕ್ಕಿಟ್ಟು ಈಗ ಅದಕ್ಕೇ ಉತ್ತರ ಹೇಳುತ್ತೇನೆ. ನನ್ನ ವಾದ ಇಷ್ಟೇ: ಅರಬರ ಮನೆಯಲ್ಲಿ ಯಾರು ಯಾರಿಗೆ ಏನಾಗಬೇಕು, ಮದುವೆ ಹೇಗೆ ನಡೆಯುತ್ತದೆ ಎಂಬುದು ಕಲಿಯುವವರ ತಲೆಗೆ ಹೋಗಿದೆಯಾ ಅಂತ ನೋಡಲು ಒಂದೇ ಪರೀಕ್ಷೆ. ನಗಬೇಕಾದ ಜಾಗದಲ್ಲಿ ನಗು ಬಂತಾ?

ನಮ್ಮ ಪಠ್ಯಗಳನ್ನು ನೋಡಿ. ಅಮೆರಿಕದಲ್ಲಿ ತಯಾರಾಗಿ ಎಲ್ಲ ಕಡೆ ಓಡಾಡುವ ಆ ದಪ್ಪ ಪುಸ್ತಕ ‘ಅಲ್ ಕಿತಾಬ್’ ನಿಮಗೆಲ್ಲ ಗೊತ್ತು. ಅದರ ನಾಯಕಿ ಮಹಾ ನ್ಯೂಯಾರ್ಕ್‌ನಲ್ಲಿದ್ದಾಳೆ. ಅಪ್ಪ ವಿಶ್ವಸಂಸ್ಥೆಯಲ್ಲಿ ಕೆಲಸ. ಅವಳಿಗೆ ಒಂಟಿತನ. ಕೈರೋದಲ್ಲಿರುವ ಅವಳ ಸೋದರಸಂಬಂಧಿ ಖಾಲಿದ್‌ನ ತಾಯಿ ಕಾರು ಅಪಘಾತದಲ್ಲಿ ತೀರಿಕೊಂಡಿದ್ದಾರೆ. ಮಕ್ಕಳು ಮೊದಲು ‘ವಿಶ್ವಸಂಸ್ಥೆ’ ಕಲಿಯುತ್ತಾರೆ, ‘ಊಟ ಆಯ್ತಾ’ ಆಮೇಲೆ ಯಾವಾಗಲೋ. ಆ ಮನೆಗಳಲ್ಲಿ ದುಃಖ ಇದೆ, ಜಗಳ ಇಲ್ಲ. ಜಗಳ ಇಲ್ಲದ ಮನೆಯಲ್ಲಿ ಸಂಬಂಧ ಕಲಿಸುವುದು ಹೇಗೆ ಹೇಳಿ?

ಅದಕ್ಕೇ ನಾನು ಹಳೆಯ ಈಜಿಪ್ಟ್ ಸಿನಿಮಾಗಳ ನಟಿ ಮೇರಿ ಮುನೀಬ್ ಅವರನ್ನು ಕರೆತರುತ್ತೇನೆ. ಡಮಾಸ್ಕಸ್‌ನಲ್ಲಿ ಹುಟ್ಟಿದ ಈ ಹೆಂಗಸು ಇಡೀ ಈಜಿಪ್ಟಿಗೇ ಅತ್ತೆಯಾದರು. 1951ರಲ್ಲಿ ಹಾಸ್ಯನಟ ಇಸ್ಮಾಯಿಲ್ ಯಾಸೀನ್ ಜೊತೆ ಒಂದು ಚಿತ್ರ ಬಂತು. ಹೆಸರು ‘ನನ್ನ ಅತ್ತೆ ಅಣುಬಾಂಬ್’. ಹಿರೋಷಿಮಾ ಆಗಿ ಆರೇ ವರ್ಷ, ಬಾಂಬು ಆಗಲೇ ಅಡುಗೆಮನೆಗೆ ಬಂದಿತ್ತು! 1959ರಲ್ಲಿ ಮತ್ತೆ ಇಬ್ಬರೂ ಸೇರಿದರು. ಆಗಿನ ಹೆಸರು ‘ನನ್ನ ಅತ್ತೆ ದೇವತೆ’. ಅದೂ ತಮಾಷೆಯೇ.

ಇಂಥ ದೃಶ್ಯ ತೋರಿಸಿದರೆ ನಮ್ಮ ಮಕ್ಕಳು ಮೊದಲ ಸಲ ನಗುವುದಿಲ್ಲ. ಯಾಕೆ? ನಮ್ಮ ಕಡೆ ಅತ್ತೆಗೆ ಹೆದರಬೇಕಾದವಳು ಸೊಸೆ. ಅಳಿಯನಿಗೇನು? ಕಾಲು ತೊಳೆಯಲು ನೀರು, ಎಲೆ ತುಂಬ ಹೋಳಿಗೆ. ಅಲ್ಲಿ ನೋಡಿದರೆ ಹೆಂಡತಿಯ ತಾಯಿ ಬಂದಳು ಅಂದರೆ ಗಂಡಸು ಸೋಫಾ ಹಿಂದೆ ಅಡಗುತ್ತಾನೆ. ಇವನಿಗೇಕೆ ಭಯ ಅಂತ ಮಕ್ಕಳು ಕೇಳುತ್ತಾರೆ. ಆ ಪ್ರಶ್ನೆ ಬಂತು ಅಂದರೆ ಪಾಠ ಶುರುವಾಯಿತು.

ಭಯದ ಕಾರಣ ಒಂದು ಕಾಗದ. ಅಲ್ಲಿಯ ಮಾತಿನಲ್ಲಿ ‘ಅಯ್ಮಾ’, ಅಂದರೆ ಮನೆ ಸಾಮಾನಿನ ಪಟ್ಟಿ. ಇದನ್ನು ನಾನು ತರಗತಿಯಲ್ಲಿ ಆಡಿಸುತ್ತೇನೆ. ಒಂದು ಬ್ಯಾಚಿನಲ್ಲಿ ಗಲ್ಫ್‌ಗೆ ಹೊರಟ ಉಡುಪಿಯ ನರ್ಸ್‌ಗಳಿದ್ದರು, ಭಟ್ಕಳದ ಹುಡುಗನಿದ್ದ, ವಿಜಯಪುರದ ಒಬ್ಬನಿದ್ದ. ವಿಜಯಪುರದವನೇ ವರ. ನರ್ಸ್ ಒಬ್ಬಳು ಹುಡುಗಿಯ ತಾಯಿ. ಸೆರಗು ಸೊಂಟಕ್ಕೆ ಸಿಕ್ಕಿಸಿ ಪಟ್ಟಿ ಓದಲು ಕೂತಳು. ಫ್ರಿಜ್ಜು ಒಂದು. ಗ್ಯಾಸ್ ಒಲೆ ಒಂದು. ಪರದೆ, ಹಾಸಿಗೆ, ಕುಕ್ಕರ್. ಚಮಚ ಎರಡು ಡಜನ್. ಎಲ್ಲ ಮುರುಕು ಅರಬಿಯಲ್ಲೇ.

ವರ ಅರಬಿ ಮರೆತುಬಿಟ್ಟ. “ಮೇಡಂ, ಸಾಮಾನ ಅವರು ತರ್ತಾರ, ಸಹಿ ನಾ ಯಾಕ ಹಾಕಬೇಕ್ರೀ?”

ಅದೇ ನೋಡಿ ಮುಖ್ಯ. ಆ ಸಾಮಾನು ಹೆಂಡತಿಯದು, ಅವಳ ಪರವಾಗಿ ನಾನು ಇಟ್ಟುಕೊಂಡಿದ್ದೇನೆ ಎಂಬುದಕ್ಕೆ ಅವನು ಸಹಿ ಹಾಕುತ್ತಾನೆ. ಕಾಗದ ಹುಡುಗಿ ಕಡೆಯವರ ಬೀರುವಿನಲ್ಲಿ ಭದ್ರ. ಮುಂದೆ ಬೇರೆಯಾದರೆ ಪಟ್ಟಿಯಲ್ಲಿದ್ದದ್ದು ವಾಪಸ್ ಬರಬೇಕು, ಇಲ್ಲವೇ ಬೆಲೆ ಕಟ್ಟಬೇಕು. ಕೊಡದಿದ್ದರೆ ನಂಬಿಕೆದ್ರೋಹದ ಕೇಸು, ಜೈಲಿಗೂ ಹೋಗಬೇಕಾಗಬಹುದು. ಇದನ್ನು ಹೇಳಿದ ಮೇಲೆ ನಮ್ಮ ವರ ಪಟ್ಟಿ ಕಿತ್ತುಕೊಂಡು ಮತ್ತೆ ಓದಿದ. ಚಮಚ ಒಂದು ಡಜನ್ ಸಾಕು ಅಂದ. ಅತ್ತೆ ಒಪ್ಪಲಿಲ್ಲ. ಮೇಲಿಂದ ‘ಶಬ್ಕಾ’ ಅಂತ ಇನ್ನೊಂದು ಸಾಲು ಸೇರಿಸಿದಳು. ಅದು ನಿಶ್ಚಿತಾರ್ಥಕ್ಕೆ ವರ ಕೊಡಬೇಕಾದ ಚಿನ್ನ. ಅದೂ ಎಷ್ಟೋ ಸಲ ಇದೇ ಪಟ್ಟಿಗೆ ಬರುತ್ತದೆ. “ಚಿನ್ನಾನೂ ನಾನೇ ಕೊಟ್ಟು, ಅದಕ್ಕ ಸಹಿನೂ ನಾನೇ?” ಅಂತ ಅವನು ಎದ್ದು ನಿಂತ. ತರಗತಿ ಬಿದ್ದು ಬಿದ್ದು ನಕ್ಕಿತು. ಮಾರನೇ ದಿನ ಅದೇ ಚಿತ್ರದ ತುಣುಕು ಹಾಕಿದೆ. ಅತ್ತೆ ಬಾಗಿಲಲ್ಲಿ ಕಾಣಿಸಿದ್ದೇ ತಡ, ಅವನು ಎಲ್ಲರಿಗಿಂತ ಮೊದಲು ನಕ್ಕ. ಪಾಠ ತಯಾರಿ ಇಲ್ಲದ ಮೇಷ್ಟ್ರು ಇದನ್ನು ಮಾಡಲಿ ನೋಡೋಣ.

ವರದಕ್ಷಿಣೆಯ ಊರಿಂದ ಬಂದ ಹುಡುಗಿಯರು ಈ ಪಾಠದ ದಿನ ಒಬ್ಬರೂ ತಪ್ಪಿಸಿಕೊಳ್ಳುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಚಿನ್ನ ಹುಡುಗನ ಖರ್ಚು, ಫ್ಲಾಟು ಹುಡುಗನ ಖರ್ಚು, ಮಹರ್ ಅಂದರೆ ವಧುಧನವೂ ಹುಡುಗನ ಖರ್ಚು. ಆ ಮಹರ್‌ನಲ್ಲೂ ಒಂದು ಪಾಲು ಈಗ, ಇನ್ನೊಂದು ಪಾಲು ತಲಾಖ್ ಆದರೆ ಅಥವಾ ಗಂಡ ಸತ್ತರೆ. ಈಜಿಪ್ಟಿನಲ್ಲಿ ಮದುವೆ ತಡವಾಗುವುದಕ್ಕೆ ಈ ಖರ್ಚೂ ಒಂದು ಕಾರಣ. ಸ್ವರ್ಗ ಅಂತ ತಿಳಿಯಬೇಡಿ.

ಇನ್ನು ಕರವಸ್ತ್ರ. ನಿಕಾಹ್ ಬರೆಸುವಾಗ ವರ ಯಾರ ಕೈ ಹಿಡಿಯುತ್ತಾನೆ? ವಧುವಿನ ಕೈ ಅಲ್ಲ, ಮಾವನ ಕೈ! ಇಬ್ಬರೂ ಬಲಗೈ ಹಿಡಿದು ಎದುರುಬದುರು ಕೂತಿರುತ್ತಾರೆ. ಮೇಲೆ ಬಿಳಿ ಕರವಸ್ತ್ರ, ಪಕ್ಕದಲ್ಲಿ ನಿಕಾಹ್ ಬರೆಯುವ ಮಾಜೂನ್. ಮುಗಿದ ಕೂಡಲೇ ಗೆಳೆಯರು ಆ ಕರವಸ್ತ್ರಕ್ಕೆ ಕಿತ್ತಾಡುತ್ತಾರೆ. ಧ್ವನಿ ಬಂದ್ ಮಾಡಿ ತೋರಿಸಿ, ಮಕ್ಕಳು ಏನೇನು ಊಹಿಸುತ್ತಾರೆ ನೋಡಿ. ಮಾವನೇ ಯಾಕೆ ಅಂದರೆ, ಒಪ್ಪಂದದಲ್ಲಿ ಅವನು ಮಗಳ ಪರವಾಗಿ ಮಾತು ಕೊಡುವವನು. ಕಂಡದ್ದು ಮರೆಯುವುದಿಲ್ಲ. ನಾವು ಬೋರ್ಡ್ ಮೇಲೆ ಬರೆದದ್ದು ಸಂಜೆಗೇ ಅಳಿಸಿಹೋಗುತ್ತದೆ.

ಎಲ್ಲ ಕಡೆ ನಗು ಬರುತ್ತದೆ ಅಂತ ನಾನು ಹೇಳುವುದಿಲ್ಲ. ನಾಯಕ ಚಿಕ್ಕಪ್ಪನ ಮಗಳನ್ನು ಮದುವೆಯಾಗಬೇಕು ಅಂತ ಮನೆಯವರು ಹಟ ಹಿಡಿದ ದೃಶ್ಯಕ್ಕೆ ಅರ್ಧ ತರಗತಿ ಮುಖ ಕಿವುಚಿತು. “ಛೇ, ತಂಗಿ ಅಲ್ವಾ ಮೇಡಂ?” ಭಟ್ಕಳದ ಹುಡುಗನಿಗೆ ಏನೂ ಅನ್ನಿಸಲಿಲ್ಲ. ಅವನು ವಿಜಯಪುರದವನ ಕಡೆ ತಿರುಗಿ, “ನಿಮ್ಮಲ್ಲಿ ಅಕ್ಕನ ಮಗಳನ್ನೇ ಮಾಡ್ಕೋತಾರಲ್ಲ?” ಅಂದ. ಅರಬರಲ್ಲಿ ಸೋದರಮಾವ ಅಕ್ಕನ ಮಗಳನ್ನು ಮದುವೆಯಾಗುವುದು ಕುರಾನಿನಲ್ಲೇ ನಿಷಿದ್ಧ. ಕೇಳಿದರೆ ಅವರೂ ಮುಖ ಕಿವುಚುತ್ತಾರೆ. ಅವತ್ತು ಯಾರೂ ನಗಲಿಲ್ಲ, ಆದರೆ ಒಬ್ಬರೂ ಮೊಬೈಲ್ ತೆಗೆಯಲಿಲ್ಲ.

ಚೀಟಿ ಬಂತು. ಐದು ನಿಮಿಷ ಅಂತ ಬರೆದಿದ್ದಾರೆ, ಸಾಂಬಾರಿನ ವಾಸನೆ ಎರಡು ಅನ್ನುತ್ತಿದೆ. ಬೇಗ ಹೇಳುತ್ತೇನೆ.

ಹೊಸದು ಬೇಕು ಅನ್ನುವವರಿಗೆ ಗಾದಾ ಅಬ್ದುಲ್ ಆಲ್. ಈಜಿಪ್ಟಿನ ಮಹಲ್ಲಾ ಊರಿನ ಫಾರ್ಮಸಿಸ್ಟ್. ತನ್ನನ್ನು ನೋಡಲು ಬಂದ ವರಗಳ ಬಗ್ಗೆ ಬರೆದದ್ದು 2008ರಲ್ಲಿ ಪುಸ್ತಕವಾಯಿತು, 2010ರ ರಂಜಾನ್‌ನಲ್ಲಿ ಧಾರಾವಾಹಿಯಾಯಿತು. ನಾಯಕಿ ಹಿಂದ್ ಸಬ್ರಿ ಟ್ಯುನೀಷಿಯಾದವರು, ಮಾತು ಮಾತ್ರ ಕೈರೋದ್ದೇ. ಹೆಣ್ಣು ನೋಡುವ ಶಾಸ್ತ್ರವನ್ನು ಹೆಣ್ಣಿನ ಕಡೆಯಿಂದ ನೋಡಬೇಕಾದರೆ ಇದನ್ನು ಹಾಕಿ. ಮೇರಿ ಮುನೀಬ್ ಒಬ್ಬರನ್ನೇ ತೋರಿಸಿದರೆ ಅರಬ್ ಅತ್ತೆಯರೆಲ್ಲ ಬಾಂಬು ಅಂದುಕೊಂಡುಬಿಡುತ್ತಾರೆ.

ಕುವೈತ್, ಸೌದಿಗೆ ಹೋಗುವವರಿಗೆ ಈಜಿಪ್ಟ್ ಮಾತು ಯಾಕೆ ಅಂತ ಕೇಳುತ್ತೀರಿ. ಸಿನಿಮಾದಿಂದ ಎಲ್ಲರಿಗೂ ಅದು ಅರ್ಥವಾಗುತ್ತದೆ. ಆದರೂ ಪ್ರಶ್ನೆ ಸರಿ. ಅವರದೇ ಹಾಸ್ಯ ಧಾರಾವಾಹಿಗಳಿವೆ: ಕುವೈತಿನ ‘ದರ್ಬ್ ಅಲ್ ಜಲಗ್’ 1977ರದು, ಸೌದಿಯ ‘ತಾಶ್ ಮಾ ತಾಶ್’ 1993ರಿಂದ ಬಂದದ್ದು. ಅವುಗಳ ಬಗ್ಗೆ ಹೇಳಲು ಇವತ್ತು ಹೊತ್ತಿಲ್ಲ.

ಬೆಳಿಗ್ಗೆ ಮಾತಾಡಿದ ಹಿರಿಯರು ಇಲ್ಲೇ ಮುಂದೆ ಕೂತಿದ್ದಾರೆ. ಸಾರ್, ಪಟ್ಟಿ ನನ್ನ ಚೀಲದಲ್ಲೇ ಇದೆ. ಊಟ ಆದ ಮೇಲೆ ನೀವು ವರ, ನಾನು ಅತ್ತೆ. ಚಮಚದ ಲೆಕ್ಕದಲ್ಲಿ ಮಾತ್ರ ಚೌಕಾಸಿ ಇಲ್ಲ.