ಬಾಡಿಗೆ ನೆಲದಲ್ಲಿ ಮಲಗಿದವರು

ಪ್ಯಾರಿಸ್ಸಿನಿಂದ ದಕ್ಷಿಣಕ್ಕೆ ಆರ್‌ಇಆರ್ ಸಿ ಎಂಬ ಉಪನಗರ ರೈಲು ಹಿಡಿದು ಸೇಂಟ್-ಜೆನೆವಿಯೆವ್-ದೆ-ಬ್ವಾದಲ್ಲಿ ಇಳಿಯಿರಿ. ಅಲ್ಲಿಂದ ಬಸ್ಸಿನಲ್ಲಿ ಸ್ವಲ್ಪ ದೂರ ಹೋದರೆ ರಷ್ಯನ್ ಆರ್ಥೊಡಾಕ್ಸ್ ಸ್ಮಶಾನ. ರಷ್ಯಾದ 1917ರ ಕ್ರಾಂತಿಯಿಂದ ತಪ್ಪಿಸಿಕೊಂಡು ಬಂದವರಿಗೆ 1927ರಲ್ಲಿ ಇಲ್ಲೊಂದು ವೃದ್ಧಾಶ್ರಮ ಶುರುವಾಯಿತು. ಅಲ್ಲಿ ತೀರಿಕೊಂಡವರನ್ನು ಊರ ಸ್ಮಶಾನದಲ್ಲೇ ಹೂಳುತ್ತ ಬಂದರು.

ನೋಡಲು ಬರುವವರಲ್ಲಿ ಬಹಳ ಜನ ನರ್ತಕ ನುರೆಯೆವ್ ಸಮಾಧಿಯ ಫೋಟೊ ತೆಗೆದು ಹೊರಟುಬಿಡುತ್ತಾರೆ. ಅದು ನೋಡಬೇಕಾದದ್ದೇ. ಪೆಟ್ಟಿಗೆಯ ಮೇಲೆ ಜಮಖಾನೆ ಹೊದಿಸಿದಂತೆ, ಮಡಿಕೆಯೂ ಕುಚ್ಚೂ ಕಾಣುವ ಹಾಗೆ, ರಂಗವಿನ್ಯಾಸಕ ಎತ್ಸಿಯೊ ಫ್ರಿಜೇರಿಯೊ ರೂಪಿಸಿದ ಮೊಸಾಯಿಕ್ ಅದು. ಸಣ್ಣ ಚೂರುಗಳನ್ನು ಕೂಡಿಸಿ ಮಾಡಿದ್ದು, ಮುಟ್ಟಬೇಡಿ, ಒರಗಬೇಡಿ. ಆದರೆ ಅಷ್ಟಕ್ಕೇ ತಿರುಗಿ ಬಂದರೆ ಸ್ಮಶಾನವನ್ನು ನೋಡಿದಂತಾಗುವುದಿಲ್ಲ.

ಶಿಲುಬೆಯನ್ನು ನೋಡಿ. ಕೆಳಗಿನ ಅಡ್ಡಪಟ್ಟಿ ಓರೆ: ಎದುರು ನಿಂತವರಿಗೆ ಎಡತುದಿ ಮೇಲೆ, ಬಲತುದಿ ಕೆಳಗೆ. ರಷ್ಯನ್ ಪದ್ಧತಿಯಲ್ಲಿ ಶಿಲುಬೆಯನ್ನು ನೆಡುವುದು ಕಾಲಿನ ಬದಿಗೆ, ಪುನರುತ್ಥಾನದ ದಿನ ಎದ್ದವರು ಅದಕ್ಕೆ ಮುಖ ಮಾಡಿರಲಿ ಎಂದು. ಅದನ್ನೇ ತಲೆಯ ಕಡೆ ಎಂದುಕೊಳ್ಳುವವರು ಬಹಳ.

ಕಲ್ಲಿನ ಮೇಲಿನ ತಾರೀಖು ಓದುವಾಗಲೂ ಎಡವುತ್ತೇವೆ. ರಷ್ಯಾ ಹಳೆಯ ಜೂಲಿಯನ್ ಕ್ಯಾಲೆಂಡರ್ ಬಿಟ್ಟು ನಾವು ಈಗ ಬಳಸುವ ಹೊಸ ಕ್ಯಾಲೆಂಡರಿಗೆ ಬಂದದ್ದು 1918ರ ಫೆಬ್ರವರಿಯಲ್ಲಿ. ಜನವರಿ 31ರ ಮರುದಿನವೇ ಫೆಬ್ರವರಿ 14. ಹಾಗಾಗಿ 1933ರ ಸಾಹಿತ್ಯದ ನೊಬೆಲ್ ಪಡೆದು ಇಲ್ಲೇ ಮಲಗಿರುವ ಲೇಖಕ ಬೂನಿನ್ ಹುಟ್ಟಿದ್ದು ಹಳೆಯ ಲೆಕ್ಕಕ್ಕೆ 1870ರ ಅಕ್ಟೋಬರ್ 10, ಹೊಸದಕ್ಕೆ 22. ಹಳೆಯ ಲೆಕ್ಕದಲ್ಲಿ ಬರೆದ ಹತ್ತೊಂಬತ್ತನೇ ಶತಮಾನದ ತಾರೀಖಿಗೆ 12 ದಿನ ಕೂಡಿಸಿ, ಇಪ್ಪತ್ತನೆಯದಕ್ಕೆ 13.

ಇನ್ನು ನನಗೆ ನಿಜವಾಗಿ ಸಂಕಟವಾಗುವ ವಿಷಯ. ಫ್ರಾನ್ಸಿನಲ್ಲಿ ಸಮಾಧಿಯ ಜಾಗ ಸಾಮಾನ್ಯವಾಗಿ 30 ಅಥವಾ 50 ವರ್ಷದ ಗುತ್ತಿಗೆ. ಅವಧಿ ಮುಗಿದ ಮೇಲೆ ನವೀಕರಿಸಲು 2 ವರ್ಷ ಅವಕಾಶವಿದೆ; ಯಾರೂ ಬರದಿದ್ದರೆ ಊರಾಡಳಿತ ಜಾಗವನ್ನು ಬೇರೆಯವರಿಗೆ ಕೊಡಬಹುದು. ಬೂನಿನ್‌ಗೆ, ಚಿತ್ರನಿರ್ದೇಶಕ ತಾರ್ಕೋವ್‌ಸ್ಕಿಗೆ ಯಾರಾದರೂ ಹಣ ಕಟ್ಟಿಯಾರು. ಪ್ಯಾರಿಸ್ಸಿನಲ್ಲಿ ಟ್ಯಾಕ್ಸಿ ಓಡಿಸಿ ಸತ್ತ ಮಾಜಿ ಸೈನಿಕನಿಗೆ, ಮಕ್ಕಳಿಲ್ಲದ ದರ್ಜಿಯವಳಿಗೆ ಯಾರು ಕಟ್ಟುತ್ತಾರೆ? ಮೊದಲು ಅಳಿಸಿಹೋಗುವುದು ಅವರ ಹೆಸರು. ಹಾಗಾಗಿ ಕಲ್ಲುಗಳನ್ನು ಪೇರಿಸಿದಂತಿರುವ ಗಲ್ಲಿಪೊಲಿ ಸ್ಮಾರಕದ (ಕ್ರಾಂತಿಕಾರರಿಗೆ ಸೋತು ಟರ್ಕಿಯ ಗಲ್ಲಿಪೊಲಿಯಲ್ಲಿ ಬೀಡುಬಿಟ್ಟಿದ್ದ ರಷ್ಯನ್ ಸೈನಿಕರ ನೆನಪಿನದು) ಸುತ್ತ ನಿಧಾನವಾಗಿ ನಡೆಯಿರಿ, ಪಾಚಿ ಹಿಡಿದ ಕಲ್ಲುಗಳ ಮುಂದೆಯೂ ನಿಲ್ಲಿ.

ಹೂ ಒಯ್ಯುವುದಾದರೆ ಎಣಿಸಿಕೊಳ್ಳಿ. ರಷ್ಯನ್ನರು ಸತ್ತವರಿಗೆ ಸಮಸಂಖ್ಯೆಯಲ್ಲಿ ಇಡುತ್ತಾರೆ, ಎರಡು ಅಥವಾ ನಾಲ್ಕು. ಬೆಸ ಸಂಖ್ಯೆ ಬದುಕಿರುವವರಿಗೆ.