ಬಿಟ್ಟಲ್ಲಿಂದಲೇ ಶುರು

ಕೇಳುಗರಿಗೆ ನಮಸ್ಕಾರ.

ಸರ್ಕಾರಿ ಶಾಲೆಯಲ್ಲಿ ಸಣ್ಣ ಮಕ್ಕಳು ಆಡುತ್ತಾ ಕಲಿಯುವ ನಲಿ-ಕಲಿ ತರಗತಿಯ ಬಾಗಿಲಲ್ಲಿ ನಿಂತು ನೋಡಿದ ಅಪ್ಪ ಅಮ್ಮಂದಿರು ಕೇಳುವ ಮಾತು ಒಂದೇ: "ಮೇಷ್ಟ್ರೇ, ಇಲ್ಲಿ ಪಾಠ ಯಾವಾಗ ಶುರು?" ಅವರ ತಪ್ಪೇನಿಲ್ಲ. ಒಳಗೆ ಒಂದು ಗುಂಪು ಹುಣಸೆ ಬೀಜ ಎಣಿಸುತ್ತಿರುತ್ತದೆ. ಇನ್ನೊಂದು ಗುಂಪಿನ ಕೈಯಲ್ಲಿ ಕಾರ್ಡು. ಗೋಡೆಯ ಬುಡದಲ್ಲಿರುವ ಕರಿಹಲಗೆಯಲ್ಲಿ ಇಬ್ಬರು ಬರೆಯುತ್ತಾ, ಮಧ್ಯೆ ಜಗಳವನ್ನೂ ಆಡುತ್ತಿರುತ್ತಾರೆ. ಮೇಷ್ಟ್ರು ಚಾಪೆ ಮೇಲೆ, ಮಕ್ಕಳ ನಡುವೆ. ಇದೇ ಪಾಠ ಅಂದರೆ ನಂಬೋದು ಕಷ್ಟ, ಅಲ್ವಾ?

ಈ ಪದ್ಧತಿ ಶುರುವಾಗಿದ್ದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, 1995ರ ಸುಮಾರಿಗೆ. ಯುನಿಸೆಫ್ ನೆರವಿತ್ತು. ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯಲ್ಲಿ ಕಾರ್ಡುಗಳಿಂದ ಕಲಿಸುತ್ತಿದ್ದ ಹಳ್ಳಿ ಶಾಲೆಗಳನ್ನು ನಮ್ಮ ಶಿಕ್ಷಕರು ಹೋಗಿ ನೋಡಿಬಂದರು. ಆಮೇಲೆ ಕಾರ್ಡುಗಳನ್ನು ತಾವೇ ಕೂತು ತಯಾರಿಸಿದರು. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು.

ಕಾಡಂಚಿನ ಆ ತಾಲ್ಲೂಕಿನ ಚಿಕ್ಕ ಶಾಲೆಗಳ ಕಷ್ಟ ಊಹಿಸಿಕೊಳ್ಳಿ. ಒಬ್ಬರೇ ಮೇಷ್ಟ್ರು, ಎರಡು ಮೂರು ತರಗತಿ. ಕೆಲಸಕ್ಕೆ ಅಂತ ಅಪ್ಪ ಅಮ್ಮ ಬೇರೆ ಊರಿಗೆ ಹೊರಟರೆ ಮಗುವೂ ಹಿಂದೆಯೇ ಹೊರಟಿತು. ವಾಪಸ್ ಬರುವ ಹೊತ್ತಿಗೆ ಪುಸ್ತಕ ನಾಲ್ಕು ಪಾಠ ಮುಂದೆ ಹೋಗಿದೆ. ಮಗು ಹಿಂದಿನ ಬೆಂಚಿಗೆ, ಅಲ್ಲಿಂದ ಮನೆಗೆ. ಈ ಸೋರಿಕೆ ನಿಲ್ಲಿಸೋಕೆ ಬೇಕಾಗಿದ್ದು ಕಲಿಕಾ ಏಣಿ. ಒಂದು ವರ್ಷದ ಕಲಿಕೆಯನ್ನು ಮೈಲಿಗಲ್ಲುಗಳಾಗಿ, ಮೈಲಿಗಲ್ಲನ್ನು ಸಣ್ಣ ಸಣ್ಣ ಚಟುವಟಿಕೆಗಳಾಗಿ ಮಾಡಿ ಗೋಡೆಗೆ ಹಾಕಿದರು. ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು, ಕಾರ್ಡಿಗೊಂದು ಚಿತ್ರದ ಗುರುತು. ಹದಿನೈದು ದಿನ ಬಿಟ್ಟು ಬಂದ ಹುಡುಗಿ ಏಣಿ ನೋಡಿ ತನ್ನ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತಾಳೆ. ಬಿಟ್ಟಲ್ಲಿಂದಲೇ ಶುರು. ಹಾಡು, ಆಟ, ಬಣ್ಣ ಎಲ್ಲ ಚೆಂದವೇ. ಆದರೆ ನನ್ನ ಲೆಕ್ಕದಲ್ಲಿ ನಲಿ-ಕಲಿಯ ದೊಡ್ಡ ಗುಣ ಇದು.

ಅಕ್ಷರ ಕಲಿಸುವ ಕ್ರಮವನ್ನೇ ನೋಡಿ. ಅ ಆ ಇ ಈ ಅಂತ ಸಾಲಾಗಿ ಹೋಗೋದಿಲ್ಲ. ಮೊದಲು ರ, ಗ, ಸ, ದ, ಅ. ಅಜ್ಜ ಅಜ್ಜಿಯರಿಗೆ ಇದು ವಿಚಿತ್ರ. ಆದರೆ ಈ ಐದೇ ಅಕ್ಷರ ಬಂದರೆ ಮಗು ಸರ, ದರ, ಅರಸ, ಅಗಸ ಓದುತ್ತದೆ. ಗರಗಸ ಓದಿದಾಗಂತೂ ಮುಖ ನೋಡಬೇಕು! ಐವತ್ತು ಅಕ್ಷರ ಮುಗಿಯುವವರೆಗೆ ಕಾಯಬೇಕಾಗಿಲ್ಲ.

ಲೆಕ್ಕದಲ್ಲೂ ಹಾಗೇ. ಮೂವತ್ತೆರಡರಲ್ಲಿ ಐದು ಕಳೆಯಬೇಕು ಅನ್ನಿ. ಮಗುವಿನ ಮುಂದೆ ಹತ್ತತ್ತು ಕಡ್ಡಿಯ ಮೂರು ಕಟ್ಟು, ಬಿಡಿ ಕಡ್ಡಿ ಎರಡು. ಎರಡರಲ್ಲಿ ಐದು ಹೇಗೆ ಕೊಡೋದು? ಸ್ವಲ್ಪ ಹೊತ್ತು ಸುಮ್ನೆ ನೋಡುತ್ತದೆ. ಆಮೇಲೆ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚುತ್ತದೆ. ಈಗ ಬಿಡಿ ಕಡ್ಡಿ ಹನ್ನೆರಡು. ಐದು ಕೊಟ್ಟರೆ ಏಳು ಉಳಿಯಿತು, ಪಕ್ಕದಲ್ಲಿ ಎರಡು ಕಟ್ಟು. ಇಪ್ಪತ್ತೇಳು. ನಾವೆಲ್ಲ 'ದಶಕ ಸಾಲ ತಗೋ' ಅಂತ ಬಾಯಿಪಾಠ ಮಾಡಿದ್ದನ್ನು ಈ ಮಗು ಕೈಯಾರೆ ಬಿಚ್ಚಿ ನೋಡಿತು. ಆ ಹೊತ್ತಿನಲ್ಲಿ ದೊಡ್ಡವರು ಬಾಯಿ ಹಾಕಬಾರದು. ಮೇಷ್ಟ್ರಿಗೆ ಅದೇ ಕಷ್ಟದ ಕೆಲಸ, ನಿಜ ಹೇಳಬೇಕೆಂದರೆ.

ಎಲ್ಲ ಕಡೆ ಸರಿಯಾಗಿದೆ ಅಂತಲ್ಲ. ಕಾರ್ಡು ಹರಿಯುತ್ತದೆ, ಕಳೆಯುತ್ತದೆ. ಒಂದು ಕಾರ್ಡು ಇಲ್ಲದಿದ್ದರೆ ಏಣಿಯಲ್ಲಿ ಒಂದು ಮೆಟ್ಟಿಲೇ ಇಲ್ಲ. ಮಕ್ಕಳು ಜಾಸ್ತಿ, ಶಿಕ್ಷಕರು ಕಡಿಮೆ ಇದ್ದಲ್ಲಿ ಚಟುವಟಿಕೆ ಬರೀ ಗುರುತು ಹಾಕುವ ಶಾಸ್ತ್ರವಾಗುತ್ತದೆ. ಮಗು ಏಣಿ ಹತ್ತಿದಂತೆ ಕಾಣುತ್ತದೆ, ಓದು ಮಾತ್ರ ಬಂದಿರುವುದಿಲ್ಲ.

ಅದಕ್ಕೇ ಮನೆಯವರಿಗೆ ಒಂದು ಮಾತು. ಮುಂದಿನ ಸಲ ಶಾಲೆಗೆ ಹೋದಾಗ 'ಎಷ್ಟನೇ ಪಾಠ' ಅಂತ ಕೇಳಬೇಡಿ. 'ನಮ್ಮ ಮಗು ಯಾವ ಮೈಲಿಗಲ್ಲಿನಲ್ಲಿದೆ, ತೋರಿಸಿ' ಅನ್ನಿ. ಆ ಮೆಟ್ಟಿಲಿನ ಕಾರ್ಡನ್ನು ಮಗುವಿನ ಕೈಗೆ ಕೊಟ್ಟು, ನಿಮ್ಮ ಮುಂದೆಯೇ ಓದಿಸಿ ನೋಡಿ. ನಮಸ್ಕಾರ.